ಬಂಗಾರಮ್ಮನ ಗೋಡೆಯಿದ್ದ ಜಿಪ್ ಫೈಲು

ಸಾಗರದ ಆಲ್ಬಮ್ ಲ್ಯಾಬಿನ ಗಣೇಶನ ಮೇಲೆ ಜಟ್ಟಪ್ಪನಿಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆರು ವರ್ಷದ ಹಿಂದಿನ ಮಾತು. ಅವತ್ತು ಲ್ಯಾಬಿನಲ್ಲಿ ಏಳೆಂಟು ಊರಿನ ಸ್ಟುಡಿಯೊದವರು ತಂತಮ್ಮ ಆಲ್ಬಮ್ಮಿಗಾಗಿ ಕಾದು ಕೂತಿದ್ದರು. ಹೊಸನಗರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಜಟ್ಟಪ್ಪ ಅಂಗಿಯ ಜೇಬಿನಿಂದ ಎರಡು, ಪ್ಯಾಂಟಿನ ಜೇಬಿನಿಂದ ಮೂರು, ಬ್ಯಾಗಿನ ತಳದಿಂದ ಮತ್ತೊಂದು, ಹೀಗೆ ಆರು ಪೆನ್‌ಡ್ರೈವ್ ತೆಗೆದು ಮೇಜಿನ ಗಾಜಿನ ಮೇಲೆ ಸಾಲಾಗಿ ಇಟ್ಟ. ಒಂದೇ ಮದುವೆಯ ಫೋಟೊಗಳು ಆರರಲ್ಲೂ ಚೆಲ್ಲಾಡಿದ್ದವು. ಧಾರೆಯ ಅರ್ಧ ಒಂದರಲ್ಲಿ, ಇನ್ನರ್ಧ ಮತ್ತೊಂದರಲ್ಲಿ.

ಗಣೇಶ ಒಂದೊಂದನ್ನೇ ಎತ್ತಿ ನೋಡಿದ. "ಎಂತದಾ ಜಟ್ಟಪ್ಪ ಇದು, ಬಿದ್ದ ಅಡಿಕೆ ಹೆಕ್ಕಂಡು ಬಂದಂಗೆ ತಂದೀಯಲ್ಲ ಮಾರಾಯ! ಜಿಪ್ ಮಾಡಿ ಒಂದೇ ಫೈಲ್ ಕೊಡಕ್ಕೆ ಆಗಲ್ವಾ?"

"ಎಂತ ಜಿಪ್ಪು?"

"ನಿನ್ನ ಪ್ಯಾಂಟಿಂದಲ್ಲ ಮಾರಾಯ, ಕಂಪ್ಯೂಟರಿಂದು. ಏಳನೇ ಕ್ಲಾಸಿಗೆ ಅದು ಇರಲಿಲ್ಲ ಕಾಣ್ತದೆ."

ಏಳೆಂಟು ಜನವೂ ನಕ್ಕರು. ಜಟ್ಟಪ್ಪ ಆರು ಪೆನ್‌ಡ್ರೈವನ್ನೂ ಬಾಚಿಕೊಂಡು, "ಇನ್ನು ನಿನ್ನ ಲ್ಯಾಬಿನ ಮೆಟ್ಟಿಲು ಹತ್ತಿದ್ರೆ ಕೇಳು" ಎಂದು ಹೇಳಿ ಇಳಿದು ಬಂದ. ಹೇಳಿದಂತೆಯೇ ಮತ್ತೆ ಹತ್ತಲಿಲ್ಲ. ಈಗಲೂ ಅವನ ಆಲ್ಬಮ್ಮುಗಳು ಶಿವಮೊಗ್ಗದಲ್ಲಿ ಪ್ರಿಂಟಾಗುತ್ತವೆ.

ಏಳನೇ ಕ್ಲಾಸು ಎಂದದ್ದು ಸುಳ್ಳೇನೂ ಅಲ್ಲ. ಮಾಸ್ತರರು ಕಿವಿ ಹಿಂಡಿದರೆಂದು ಅವರ ಕೈಯನ್ನೇ ತಳ್ಳಿ, ಪಾಟಿಚೀಲವನ್ನು ಅಲ್ಲೇ ಬಿಟ್ಟು ಬಂದವನು ಜಟ್ಟಪ್ಪ. ಆಮೇಲೆ ಮದುವೆ ವಿಡಿಯೊದವರ ಹಿಂದೆ ಲೈಟು ಹಿಡಿದುಕೊಂಡು ತಿರುಗಿದ. ಮದುಮಕ್ಕಳ ಮುಖದ ಮೇಲೆ ಬೆಳಕು ಬೀಳಿಸುತ್ತ ಬೀಳಿಸುತ್ತಲೇ ಕ್ಯಾಮೆರಾ ಕಲಿತ. ಮೂವತ್ತಕ್ಕೆ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಸ್ಟುಡಿಯೊ ಹಾಕಿದ. ಈಗ ವಯಸ್ಸು ಐವತ್ತೆರಡು. ಕೆಲಸದಲ್ಲಿ ಕೈ ಶುದ್ಧ, ಬಾಯಿ ಮಾತ್ರ ಹಿಡಿತದಲ್ಲಿಲ್ಲ. ಗಿರಾಕಿಗಳ ಮುಂದೆಯೇ ಪ್ರಿಂಟರಿಗೆ ಬೈಯುತ್ತಾನೆ, ಕರೆಂಟಿಗೆ ಬೈಯುತ್ತಾನೆ. ಬೈಸಿಕೊಳ್ಳಲು ಬೇರೆ ಯಾರೂ ಸಿಗದಿದ್ದರೆ ಹೆಂಡತಿ ಶ್ಯಾಮಲಾ ಊಟದ ಡಬ್ಬಿ ತಂದಿಟ್ಟು, "ಹೋಯ್, ನಾನು ಬಂದೀನಿ, ಶುರು ಮಾಡಿ" ಎನ್ನುತ್ತಾಳೆ.

ಅವತ್ತು ಸಾಗರದಿಂದ ಬಂದವನು ಮೊದಲು ಕೇಳಿದ್ದು ತನುಜಾಳನ್ನು. ತನುಜಾ ಅವನ ಅಂಗಡಿಯಲ್ಲಿ ಫೋಟೊ ತಿದ್ದುವ, ಆಲ್ಬಮ್ ಜೋಡಿಸುವ ಕೆಲಸಕ್ಕಿದ್ದಳು. ಮೂವತ್ತು ದಾಟಿದ ಹೆಂಗಸು, ಒಂದು ಮಗುವಿನ ತಾಯಿ. ಬಟ್ಟೆಮಲ್ಲಪ್ಪದ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಪದವಿ ಓದನ್ನು ಅರ್ಧಕ್ಕೆ ಬಿಟ್ಟಿದ್ದರೂ ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಪೈಥಾನ್ ಎನ್ನುವ ಕಂಪ್ಯೂಟರ್ ಭಾಷೆಯನ್ನು ತಕ್ಕಮಟ್ಟಿಗೆ ಕಲಿತಿದ್ದಳು.

"ತನುಜಾ, ಈ ಜಿಪ್ಪು ಅನ್ನೋದು ಎಂತದು?"

"ಗಂಟು ಕಟ್ಟದು ಜಟ್ಟಣ್ಣ. ಸಾವಿರ ಫೋಟೊ ಇದ್ರೂ ಒಂದೇ ಗಂಟು. ಬಿಚ್ಚಿದ್ರೆ ಹೆಂಗಿತ್ತೋ ಹಂಗೇ ಸಿಗ್ತವೆ."

"ಜಾಗ ಕಮ್ಮಿ ಹಿಡೀತದಾ?"

"ಬರಹದ ಫೈಲಾದ್ರೆ ಒಳ್ಳೆ ಹಿಂಡ್ತದೆ. ಫೋಟೊ ಮೊದಲೇ ಹಿಂಡಿರ್ತದಲ್ಲ, ಹಾಗಾಗಿ ಅಷ್ಟು ಕುಗ್ಗಲ್ಲ. ಆದ್ರೆ ಚೆಲ್ಲಾಪಿಲ್ಲಿ ಆಗಲ್ಲ, ಒಂದೂ ತಪ್ಪಿ ಹೋಗಲ್ಲ."

ಮೊದಮೊದಲು ಅವಳು ಒಂದೊಂದೇ ಫೋಲ್ಡರನ್ನು ಕೈಯಲ್ಲೇ ಜಿಪ್ ಮಾಡುತ್ತಿದ್ದಳು. ಲಗ್ನದ ದಿನಗಳು ಬಂದಾಗ ತಿಂಗಳಿಗೆ ಮೂವತ್ತು ನಲವತ್ತು ಫೋಲ್ಡರು ಆಗತೊಡಗಿದವು. ಆಗ ಎರಡು ದಿನ ಕೂತು ಒಂದು ಸ್ಕ್ರಿಪ್ಟ್ ಬರೆದಳು. ಅರವತ್ತು ಸಾಲು ಇದ್ದೀತು. ಫೋಲ್ಡರುಗಳು ಎಲ್ಲಿವೆ ಎಂದು ತೋರಿಸಿಬಿಟ್ಟರೆ ಅದು ಒಂದೊಂದರ ಒಳಗೂ ಹೊಕ್ಕು, ಸಿಕ್ಕಿದ್ದನ್ನೆಲ್ಲ ಒಟ್ಟುಮಾಡಿ, ಫೋಲ್ಡರಿನ ಹೆಸರನ್ನೇ ಜಿಪ್ಪಿಗೂ ಇಟ್ಟು, ದೊಡ್ಡ ಹಾರ್ಡ್‌ಡಿಸ್ಕಿಗೆ ಬರೆಯುತ್ತಿತ್ತು. ಬರೆದ ಮೇಲೆ ಗಂಟು ಸರಿಯಾಗಿ ಬಿಚ್ಚಿಕೊಳ್ಳುತ್ತದೆಯೇ ಎಂದು ತಾನೇ ಪರೀಕ್ಷೆ ಮಾಡಿ, 'ಸರಿಯಿದೆ' ಎಂದು ತೋರಿಸಿ, ಕೊನೆಗೆ ಮೂಲ ಫೋಲ್ಡರನ್ನು ಅಳಿಸಿ ಜಾಗ ಖಾಲಿ ಮಾಡುತ್ತಿತ್ತು. ಪರದೆಯ ಮೇಲೆ ಬರುವ ಮಾತನ್ನೆಲ್ಲ ಅವಳು ಕನ್ನಡದಲ್ಲೇ ಬರೆದಿದ್ದಳು, ಜಟ್ಟಪ್ಪನಿಗೆ ಓದಲು ಬರಲೆಂದು.

ಜಟ್ಟಪ್ಪ ಅದನ್ನು ತಾನೇ ಓಡಿಸಲು ಕಲಿತ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಸರಸರ ಮೇಲೆ ಹೋಗುವಾಗ ಗಿರಾಕಿಗಳು ಬಗ್ಗಿ ನೋಡಿದರೆ, "ಪೈಥಾನ್ ಮಾರಾಯ್ರೆ, ಸ್ವಲ್ಪ ಹಿಂದೆ ನಿಲ್ಲಿ" ಎನ್ನುತ್ತಿದ್ದ. ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ಆ ಸಾಲು ಮಲಗುತ್ತದೆ, ಕಂಪ್ಯೂಟರು ಅದನ್ನು ದಾಟಿಕೊಂಡು ಹೋಗುತ್ತದೆ ಎನ್ನುವುದನ್ನೂ ತನುಜಾಳಿಂದ ಕೇಳಿ ತಿಳಿದುಕೊಂಡಿದ್ದ.

ಎರಡು ವಿಷಯಕ್ಕೆ ಮಾತ್ರ ಇಬ್ಬರಿಗೂ ತಕರಾರು. ಒಂದು ಹೆಸರಿನದು. ಜಟ್ಟಪ್ಪ ಫೋಲ್ಡರಿಗೆ ಬರೀ ತಾರೀಖು ಇಡುತ್ತಿದ್ದ. ಗೋಡೆಯ ಕ್ಯಾಲೆಂಡರಿನಲ್ಲಿ ಆರ್ಡರು ಬರೆದುಕೊಳ್ಳುವ ಅವನ ಹಳೆಯ ಪದ್ಧತಿ ಅದು. ಒಳ್ಳೆ ಮುಹೂರ್ತವಿದ್ದರೆ ಒಂದೇ ದಿನ ಎರಡು ಮದುವೆ ಒಪ್ಪಿಕೊಂಡು, ಒಂದಕ್ಕೆ ತಾನು ಹೋಗಿ, ಇನ್ನೊಂದಕ್ಕೆ ತೀರ್ಥಹಳ್ಳಿಯ ಪೂರ್ಣೇಶನನ್ನು ಕಳಿಸುತ್ತಿದ್ದ. "ಮನೆ ಹೆಸರೂ ಸೇರಿಸಿ ಜಟ್ಟಣ್ಣ" ಎಂದು ತನುಜಾ ಎಷ್ಟು ಸಲ ಹೇಳಿದರೂ, "ನಂಗೆ ತಾರೀಖು ಹೇಳಿದ್ರೆ ಸಾಕು, ಮದುಮಗಳ ಸೀರೆ ಬಣ್ಣ ಹೇಳ್ತೀನಿ" ಎನ್ನುವನು.

ಇನ್ನೊಂದು ತಕರಾರು ಪ್ರಶ್ನೆಯದು. ಅದೇ ಹೆಸರಿನ ಜಿಪ್ಪು ಹಾರ್ಡ್‌ಡಿಸ್ಕಿನಲ್ಲಿ ಮೊದಲೇ ಇದ್ದರೆ ಸ್ಕ್ರಿಪ್ಟ್ ನಿಂತುಬಿಡುತ್ತಿತ್ತು. 'ಈ ಹೆಸರಿನ ಗಂಟು ಆಗಲೇ ಇದೆ. ಅದನ್ನು ಅಳಿಸಿ ಹೊಸದು ಕಟ್ಟಲೇ? ಹೌದು ಅಥವಾ ಬೇಡ ಎಂದು ಬರೆಯಿರಿ' ಎಂದು ಕೇಳುತ್ತಿತ್ತು. ಒಂದು ದಿನ ತನುಜಾಳ ಮಗುವಿಗೆ ಜ್ವರ ಬಂದು ಅವಳು ರಜೆ ಹಾಕಿದ್ದಳು. ಜಟ್ಟಪ್ಪ ಇಡೀ ತಿಂಗಳ ಫೋಲ್ಡರುಗಳನ್ನು ಒಟ್ಟಿಗೆ ಓಡಿಸಿ ಊಟಕ್ಕೆ ಹೋದ. ಊಟ ಮಾಡಿ, ಎಲೆ ಅಡಿಕೆ ಹಾಕಿ, ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ಒಂದು ಗಂಟೂ ಕಟ್ಟಿಲ್ಲ. ತಿದ್ದಿದ ಫೋಟೊ ಸೇರಿಸಿ ಎರಡನೇ ಸಲ ಹಾಕಿದ್ದ ಮೊದಲನೇ ಫೋಲ್ಡರಿನಲ್ಲೇ ನಿಂತು ಅದು ಹೌದೋ ಬೇಡವೋ ಎಂದು ಕೇಳುತ್ತಿದೆ.

"ನನ್ನ ಅಂಗಡೀಲಿ ನನ್ನನ್ನೇ ಕೇಳ್ತದಲ್ಲ ಇದು!" ಎಂದು ಜಟ್ಟಪ್ಪ ಮೇಜು ಗುದ್ದಿದ. ಸ್ಕ್ರಿಪ್ಟಿನ ಫೈಲು ತೆಗೆದು, ಆ ಪ್ರಶ್ನೆ ಇರುವ ನಾಲ್ಕು ಸಾಲು ಹುಡುಕಿ, ಪ್ರತಿಯೊಂದರ ಮುಂದೆಯೂ ಹ್ಯಾಶ್ ಹಾಕಿದ. ಒಂದು ಹಾಕಿದರೆ ಎಲ್ಲಿ ಮತ್ತೆ ಎದ್ದು ಕೂರುತ್ತದೋ ಎಂದು ಎರಡೆರಡು ಹಾಕಿದ. ಓಡಿಸಿದ. ನೀರು ಹರಿದಂತೆ ಹೋಯಿತು. ಮರುದಿನ ಬಂದ ತನುಜಾಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಸಾಲುಗಳನ್ನು ಎಬ್ಬಿಸುತ್ತಾಳೆ ಎಂದು ಗೊತ್ತಿತ್ತು.

ಅದಾದ ಮೇಲೆ ಬಂದ ಮೇ ತಿಂಗಳಲ್ಲಿ ಕೆಳದಿ ಕಡೆಯ ಯೋಗರಾಜನ ತಂಗಿಯ ಮದುವೆ. ಜಟ್ಟಪ್ಪ ಎರಡು ದಿನ ಮೊದಲೇ ಹೋಗಿದ್ದ, ಏಕೆಂದರೆ ಯೋಗರಾಜನ ತಾಯಿ ಬಂಗಾರಮ್ಮ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರಿದ್ದರು. ಮದುಮಕ್ಕಳನ್ನು ಕೂರಿಸುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ ಅದ್ದಿ ಎಳೆ ಎಳೆಯುವುದು. ಎಪ್ಪತ್ತು ದಾಟಿದ ಮುದುಕಿ ಮಣೆಯ ಮೇಲೆ ನಿಂತು, ಒಂದು ಅಳತೆಕಡ್ಡಿಯೂ ಇಲ್ಲದೆ, ನೂಲು ಹಿಡಿದಷ್ಟು ನೇರ ಗೆರೆ ಎಳೆಯುತ್ತಿದ್ದಳು. ಎಳೆಯುತ್ತ ಹಾಡುತ್ತಿದ್ದಳು. ಯಾವ ಎಳೆಗೆ ಯಾವ ಹಾಡು ಎನ್ನುವುದು ಅವಳಿಗೆ ಮಾತ್ರ ಗೊತ್ತು. ಜಟ್ಟಪ್ಪ ಅದೆಲ್ಲವನ್ನೂ ಹಿಡಿದ, ಹಾಡನ್ನು ಬೇರೆಯಾಗಿ ರೆಕಾರ್ಡೂ ಮಾಡಿದ. ಆಲ್ಬಮ್ಮಿನಲ್ಲಿ ಮಾತ್ರ ಗೋಡೆ ಬರಲಿಲ್ಲ. ಗಂಡಿನ ಕಡೆಯವರಿಗೆ ಗೋಡೆ ಬೇಕಿರಲಿಲ್ಲ, ಮುಖ ಬೇಕಿತ್ತು.

ಮರುವರ್ಷ ಮಳೆಗಾಲ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಯೋಗರಾಜ ಅಂಗಡಿಗೆ ಬಂದ.

"ಜಟ್ಟಪ್ಪಣ್ಣ, ಅಮ್ಮ ಹೋದ್ರು. ಮೂರು ತಿಂಗಳಾತು."

ಜಟ್ಟಪ್ಪ ಎದ್ದು ನಿಂತ. "ಅಯ್ಯೋ, ನಂಗೆ ಗೊತ್ತೇ ಆಗಲಿಲ್ಲ ಮಾರಾಯ."

"ಆ ಗೋಡೆನೂ ಬಿತ್ತು. ಬಿರುಕು ಬಿಟ್ಟಿತ್ತು, ಕೆಡವಿ ಹೊಸದು ಕಟ್ಸಿದ್ವಿ. ಈಗ ನನ್ನ ಮಗಳು ಬಿಂದುಶ್ರೀ ಅಜ್ಜಿ ಬರೆದಂಗೇ ಬರೀಬೇಕು ಅಂತ ಕೂತಿದಾಳೆ. ಮನೇಲಿ ಯಾರಿಗೂ ಎಳೆ ನೆನಪಿಲ್ಲ, ಹಾಡಂತೂ ಮೊದಲೇ ಇಲ್ಲ. ನೀವು ಎಲ್ಲ ಹಿಡಿದಿದ್ರಲ್ಲ ಅವತ್ತು, ಅದನ್ನ ಕೊಡಿ."

ಜಟ್ಟಪ್ಪನಿಗೆ ಎದೆ ಉಬ್ಬಿತು. "ಕೂರಿ ಯೋಗರಾಜ್. ಬೇರೆ ಸ್ಟುಡಿಯೊದವರಾದ್ರೆ ಆರು ತಿಂಗಳಿಗೆ ಅಳಿಸಿ ಕೈ ತೊಳ್ಕಂತಾರೆ. ನಂದು ಹಂಗಲ್ಲ, ಎಲ್ಲ ಗಂಟು ಕಟ್ಟಿ ಇಟ್ಟಿದೆ. ತನುಜಾ, ಟೀ ಹೇಳು."

ಹಾರ್ಡ್‌ಡಿಸ್ಕ್ ಸಿಕ್ಕಿಸಿದ. ತಾರೀಖು ಹುಡುಕಿದ. ಜಿಪ್ಪು ಸಿಕ್ಕಿತು. ಬಿಚ್ಚಿದ. ಯೋಗರಾಜ ಕುರ್ಚಿಯಿಂದ ಎದ್ದು ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. ಪರದೆಯ ಮೇಲೆ ಯಾವುದೋ ಕಲ್ಯಾಣ ಮಂಟಪ, ಪ್ಲಾಸ್ಟಿಕ್ ಹೂವಿನ ಸ್ಟೇಜು, ನೀಲಿ ಸೂಟಿನ ಮದುಮಗ.

"ಇದು ನಮ್ಮ ಹುಡುಗಿ ಅಲ್ಲ" ಎಂದ ಯೋಗರಾಜ.

ಅದು ಅದೇ ದಿನ ತೀರ್ಥಹಳ್ಳಿಯಲ್ಲಿ ಪೂರ್ಣೇಶ ಹಿಡಿದ ಮದುವೆ. ಜಟ್ಟಪ್ಪ ಇನ್ನೊಂದು ಫೋಲ್ಡರು ನೋಡಿದ, ಹಳೆಯ ಪೆನ್‌ಡ್ರೈವ್‌ಗಳನ್ನೆಲ್ಲ ಸಿಕ್ಕಿಸಿದ, ಕ್ಯಾಮೆರಾದ ಕಾರ್ಡು ತೆಗೆದ. ಕಾರ್ಡಿನ ಮೇಲೆ ವರ್ಷದಲ್ಲಿ ನೂರು ಮದುವೆ ಹತ್ತಿ ಇಳಿದಿದ್ದವು. ಎಲ್ಲೂ ಇಲ್ಲ. ಯೋಗರಾಜ ಮತ್ತೆ ಹೋಗಿ ಕುರ್ಚಿಯಲ್ಲಿ ಕೂತ. ಅವನು ಬೈದಿದ್ದರೂ ಜಟ್ಟಪ್ಪನಿಗೆ ಸುಲಭವಾಗುತ್ತಿತ್ತು.

"ತನುಜಾ!" ಜಟ್ಟಪ್ಪನ ಕೂಗಿಗೆ ಝೆರಾಕ್ಸಿಗೆ ಬಂದವರೂ ತಿರುಗಿದರು. "ಎಂತ ಬರೆದಿದೀ ನೀನು ಇದರಲ್ಲಿ? ಒಂದು ಮದುವೆ ತಿಂದು ಇನ್ನೊಂದು ಮದುವೆ ಉಗಿದಿದೆ ನಿನ್ನ ಪೈಥಾನು!"

ತನುಜಾ ಪಕ್ಕದ ಕುರ್ಚಿಯಲ್ಲಿ ಕೂತು ಸ್ಕ್ರಿಪ್ಟಿನ ಫೈಲು ತೆಗೆದಳು. "ಹಂಗಾಗಲ್ಲ ಜಟ್ಟಣ್ಣ. ಹಳೇ ಗಂಟಿದ್ರೆ ಅದು ಕೇಳ್ತದೆ. ಕೇಳ್ದೆ ಅಳಿಸಲ್ಲ, ನಾನೇ ಬರೆದಿದೀನಿ" ಎನ್ನುತ್ತ ಸಾಲುಗಳನ್ನು ಕೆಳಗೆ ಸರಿಸುತ್ತ ಹೋದಳು. ಒಂದು ಕಡೆ ಅವಳ ಕೈ ನಿಂತಿತು. ಪರದೆಯನ್ನೇ ನೋಡಿದಳು. ಆಮೇಲೆ ತಿರುಗಿ ಜಟ್ಟಪ್ಪನ ಮುಖ ನೋಡಿದಳು.

ಆ ನೋಟವನ್ನು ಜಟ್ಟಪ್ಪ ಎದುರುತ್ತರ ಎಂದುಕೊಂಡ. ಮಲಗಿಸಿದ ಸಾಲುಗಳು ಆ ಹೊತ್ತಿನಲ್ಲಿ ಅವನ ನೆನಪಿನಲ್ಲೇ ಇರಲಿಲ್ಲ. "ಎಂತ ನೋಡ್ತೀಯ? ಅರ್ಧಂಬರ್ಧ ಕಲಿತು ಬಂದವರನ್ನ ಇಟ್ಕಂಡ್ರೆ ಹಿಂಗೇ ಆಗದು. ಸತ್ತ ಮುದುಕಿ ಗೋಡೆ ಅದು! ಇವ್ರಿಗೆ ನಾನು ಎಂತ ಹೇಳಲಿ? ಬಾಯಿ ಬಿಡು!"

ತನುಜಾ ಫೈಲನ್ನು ಮುಚ್ಚಿದಳು. ಎದ್ದು ನಿಂತು ಯೋಗರಾಜನಿಗೆ ಹೇಳಿದಳು. "ನಂದೇ ತಪ್ಪು ಯೋಗರಾಜಣ್ಣ. ಎರಡಕ್ಕೂ ಒಂದೇ ಹೆಸರಾಗಿತ್ತು, ನಾನು ನೋಡ್ಬೇಕಿತ್ತು. ಜಟ್ಟಣ್ಣನ ಮೇಲೆ ಸಿಟ್ಟು ಮಾಡ್ಕಬೇಡಿ."

ಸಂಜೆ ಬಸ್ಸಿಗೆ ಹೋದವಳು ಮರುದಿನ ಬರಲಿಲ್ಲ. ಫೋನು ಮಾಡಿ, "ಇನ್ನು ಬರಕ್ಕಾಗಲ್ಲ ಜಟ್ಟಣ್ಣ, ಮಗೂನ ನೋಡ್ಕಳರಿಲ್ಲ" ಎಂದಳು. "ಹೋಗ್ಲಿ ಬಿಡು, ನಂಗೂ ಕೆಲಸ ಬರ್ತದೆ" ಎಂದು ಜಟ್ಟಪ್ಪ ಫೋನಿಟ್ಟ.

ನಾಲ್ಕನೇ ದಿನ ಬೆಳಿಗ್ಗೆ ಅವನೇ ಕೂತು ಆ ಸ್ಕ್ರಿಪ್ಟನ್ನು ತೆಗೆದ. ಇಂಗ್ಲಿಷ್ ಸಾಲುಗಳ ನಡುವೆ ತನುಜಾ ಅಲ್ಲಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟಿದ್ದಳು. 'ಇಲ್ಲಿ ಗಂಟು ಕಟ್ಟುತ್ತದೆ', 'ಇಲ್ಲಿ ಪರೀಕ್ಷೆ', 'ಇಲ್ಲಿಂದ ಮುಂದೆ ಮೂಲ ಅಳಿಸುತ್ತದೆ, ಎಚ್ಚರ'. ನಡುವೆ ಒಂದು ಕಡೆ, ಅವನು ಯಾವತ್ತೂ ಗಮನಿಸಿರದ ಒಂದು ಸಾಲಿನಲ್ಲಿ, 'ಜಟ್ಟಣ್ಣ, ಈ ನಾಲ್ಕು ಸಾಲು ಮಾತ್ರ ತೆಗೀಬೇಡಿ' ಎಂದಿತ್ತು. ಅದರ ಕೆಳಗೆ ನಾಲ್ಕು ಸಾಲು. ಪ್ರತಿಯೊಂದರ ಮುಂದೆಯೂ ಎರಡೆರಡು ಹ್ಯಾಶು.

ಜಟ್ಟಪ್ಪನಿಗೆ ಕಿವಿ ಬಿಸಿಯಾಯಿತು. ಊಟಕ್ಕೆ ಹೋಗಿ ಬಂದ ಆ ಮಧ್ಯಾಹ್ನ ನೆನಪಾಯಿತು. ಪ್ರಶ್ನೆ ಕೇಳುವ ಬಾಯಿಯನ್ನು ಮುಚ್ಚಿದವನು ತಾನು. ಮುಚ್ಚಿದ ಮೇಲೆ, ಕೆಳದಿ ಕಡೆಯ ಗಂಟಿನ ಮೇಲೆ ತೀರ್ಥಹಳ್ಳಿಯ ಗಂಟನ್ನು ಕಟ್ಟಿ, ಪರೀಕ್ಷೆ ಮಾಡಿ, 'ಸರಿಯಿದೆ' ಎಂದು ಅದು ನಿಷ್ಠೆಯಿಂದ ಹೇಳಿತ್ತು. ಅವನು ಟೀ ಕುಡಿಯುತ್ತ ಅದನ್ನು ಓದಿ ತಲೆಯಾಡಿಸಿದ್ದ.

ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಅವಳ ಕೈ ನಿಂತದ್ದು ಇದೇ ಜಾಗದಲ್ಲಿ. ಎರಡು ಹ್ಯಾಶ್ ಹಾಕುವವನು ಆ ಅಂಗಡಿಯಲ್ಲಿ ಒಬ್ಬನೇ. ಅವಳು ಪರದೆಯನ್ನು ಯೋಗರಾಜನ ಕಡೆಗೆ ತಿರುಗಿಸಿದ್ದರೆ ಸಾಕಿತ್ತು, ಒಂದು ಮಾತೂ ಆಡಬೇಕಿರಲಿಲ್ಲ. ಆಡದೆ ಫೈಲು ಮುಚ್ಚಿದಳು. ಅಂಗಡಿ ತುಂಬ ಜನರಿದ್ದಾಗ ಅವನ ಮರ್ಯಾದೆ ಉಳಿಸಿದಳು, ಅವನು ಅವಳದನ್ನು ಬೀದಿಗೆ ಎಳೆಯುತ್ತಿದ್ದ ಹೊತ್ತಿನಲ್ಲೇ.

ಶ್ಯಾಮಲಾ ಡಬ್ಬಿ ತಂದಾಗ ಅವನು ಬೈಯಲಿಲ್ಲ. ಅವಳು ಹಣೆ ಮುಟ್ಟಿ ನೋಡಿದಳು. ಜಟ್ಟಪ್ಪ ಎಲ್ಲವನ್ನೂ ಹೇಳಿದ.

"ಹೋಗಿ ಹೇಳಿ ಬನ್ನಿ" ಎಂದಳು ಶ್ಯಾಮಲಾ. "ಮೊದಲು ಯೋಗರಾಜನಿಗೆ, ಆಮೇಲೆ ಆ ಹುಡುಗಿಗೆ. ಬೈಯಕ್ಕೆ ಬಾಯಿ ಇತ್ತಲ್ಲ, ಇದಕ್ಕೂ ಅದೇ ಬಾಯಿ ಸಾಕು."

ಮರುದಿನವೇ ಹೊರಟ. ಸಾಗರದಲ್ಲಿಳಿದು, ಕೆಳದಿಯ ಬಸ್ಸು ಹಿಡಿದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. 'ಯೋಗರಾಜ್, ತಪ್ಪು ತನುಜಂದಲ್ಲ, ನಂದು.' ನಾಲ್ಕೇ ಶಬ್ದ. ಏಳನೇ ಕ್ಲಾಸು ಓದಿದವನೂ ಹೇಳಬಹುದು.

ಯೋಗರಾಜ ಜಗಲಿಯಲ್ಲೇ ಕೂರಿಸಿದ. ಒಳಗೆ ಹೊಸ ಗೋಡೆಗೆ ಬಿಂದುಶ್ರೀ ಕೆಮ್ಮಣ್ಣು ಬಳಿದಿದ್ದಳು. ಕೈಯಲ್ಲಿ ಮೊಬೈಲು ಹಿಡಿದು, ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಪುಂಡಿನಾರಿನಿಂದ ಒಂದು ಎಳೆ ಎಳೆಯುತ್ತಿದ್ದಳು. ಮತ್ತೆ ಒರೆಸುತ್ತಿದ್ದಳು.

"ಅದೆಂತ ನೋಡ್ತಿರದು ಅವಳು?"

"ನಿಮಗೆ ಗೊತ್ತಿಲ್ವಾ?" ಎಂದ ಯೋಗರಾಜ. "ನಿಮ್ಮ ತನುಜಾ ಬಂದಿದ್ಲು. ಅವತ್ತಿನ ಮರುದಿನವೇ, ಮಗೂನ ಎತ್ಕಂಡು. ಅಮ್ಮನ ಎಳೆ ಚೆಂದ ಕಂಡು ಆಲ್ಬಮ್ ಜೋಡಿಸುವಾಗಲೇ ಹನ್ನೊಂದು ಫೋಟೊ ತನ್ನ ಮೊಬೈಲಿಗೆ ಹಾಕ್ಕಂಡಿದ್ಲಂತೆ. ಸಣ್ಣವು, ಅಷ್ಟು ಸ್ಪಷ್ಟ ಇಲ್ಲ. ಹಾಡಂತೂ ಹೋತು. ಆದ್ರೂ ಇಷ್ಟಾದ್ರೂ ಸಿಕ್ತಲ್ಲ. ತಪ್ಪು ನಂದು ಅಂತ ಅಮ್ಮನ ಫೋಟೊಕ್ಕೆ ಕೈ ಮುಗಿದು ಅತ್ಲು ಮಾರಾಯ್ರೆ, ನಾವೇ ಸಮಾಧಾನ ಮಾಡಿ ಕಳಿಸಿದ್ವಿ. ನೀವು ಆ ಹೆಣ್ಣುಮಗಳಿಗೆ ಅಷ್ಟು ಬೈಬಾರದಿತ್ತು ಜಟ್ಟಪ್ಪಣ್ಣ. ಮನುಷ್ಯರು, ಒಂದೊಂದ್ಸಲ ತಪ್ತಾರೆ."

ಜಟ್ಟಪ್ಪನ ಬಾಯಲ್ಲಿ ನಾಲ್ಕು ಶಬ್ದವೂ ಸಿದ್ಧವಾಗಿ ಇದ್ದವು. ಹೇಳಿದರೆ ಈಗ ಬರೀ ತಪ್ಪು ಮಾಡಿದವನಾಗುವುದಿಲ್ಲ. ತನ್ನ ತಪ್ಪನ್ನು ಹೊತ್ತು ಅತ್ತವಳನ್ನು ಬೈದು ಓಡಿಸಿದವನಾಗಬೇಕು. ಬಿಂದುಶ್ರೀ ಅಷ್ಟರಲ್ಲಿ ತಿರುಗಿ, "ಜಟ್ಟಪ್ಪ ಮಾಮ, ಈ ಮೂಲೇಲಿ ಅಜ್ಜಿ ನಾಲ್ಕು ಎಳೆ ಹಾಕಿದ್ರಾ, ಐದಾ? ನೀವು ಹತ್ರ ನಿಂತು ನೋಡಿದ್ರಲ್ಲ" ಎಂದು ಕೇಳಿದಳು.

"ನೆನಪಿಲ್ಲ ಮಗಾ" ಎಂದ ಜಟ್ಟಪ್ಪ. ನಿಜಕ್ಕೂ ನೆನಪಿರಲಿಲ್ಲ. ಕ್ಯಾಮೆರಾ ನೋಡುತ್ತದೆಂದು ಅವನು ನೋಡಿರಲಿಲ್ಲ.

ಟೀ ಬಂತು. ಕುಡಿದ. ಹೊರಟ. ಯೋಗರಾಜ ಬಸ್ಸಿನವರೆಗೂ ಬಂದು ಬೀಳ್ಕೊಟ್ಟ. ಮನೆಗೆ ಬಂದಾಗ ಶ್ಯಾಮಲಾ, "ಹೇಳಿದ್ರಾ?" ಎಂದು ಕೇಳಿದಳು. ಜಟ್ಟಪ್ಪ ಅನ್ನದ ತಟ್ಟೆ ನೋಡುತ್ತ, "ಅವರ ಮನೇಲಿ ಜನ ಇದ್ರು" ಎಂದ. ಅವಳು ಸಾರು ಬಡಿಸುವಾಗ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿ ತಾಗಿತು, ಅಷ್ಟೇ.

ಆ ನಾಲ್ಕು ಸಾಲುಗಳನ್ನು ಅವನು ಎಬ್ಬಿಸಿದ. ಫೋಲ್ಡರಿಗೆ ತಾರೀಖಿನ ಜೊತೆ ಊರು, ಮನೆ ಹೆಸರು ಎಲ್ಲ ಇಡತೊಡಗಿದ. ಒಂದೇ ಡಿಸ್ಕಿನಲ್ಲಿದ್ದದ್ದನ್ನು ಎರಡರಲ್ಲಿ ಇಟ್ಟ. ಮೂಲ ಅಳಿಸುವ ಸಾಲನ್ನು ತೆಗೆದೇ ಹಾಕಿ, ತಿಂಗಳಿಗೊಮ್ಮೆ ಗಂಟು ಬಿಚ್ಚಿ ಕಣ್ಣಾರೆ ನೋಡಿ ಕೈಯಲ್ಲೇ ಅಳಿಸುತ್ತಾನೆ. ಮೊನ್ನೆ ಮೊನ್ನೆ ಪೂರ್ಣೇಶ ಬಂದವನು, "ನಿಮ್ಮಷ್ಟು ಅಚ್ಚುಕಟ್ಟು ಮೂರು ತಾಲ್ಲೂಕಲ್ಲಿ ಯಾರ ಹತ್ರನೂ ಇಲ್ಲ ಜಟ್ಟಣ್ಣ, ಈ ಸ್ಕ್ರಿಪ್ಟು ನೀವೇ ಬರೆದಿದ್ದಾ?" ಎಂದು ಕೇಳಿದ. "ಅಲ್ಲ, ತನುಜಾ ಅಂತ ಇದ್ಲು, ಅವಳದು" ಎಂದ ಜಟ್ಟಪ್ಪ. ಅಷ್ಟನ್ನು ಹೇಳಲು ಬಂತು. ಅದರ ಮುಂದಿನದು ಬರಲಿಲ್ಲ.

ತನುಜಾ ಈಗ ತೀರ್ಥಹಳ್ಳಿಯಲ್ಲಿದ್ದಾಳೆ. ಗಂಡನಿಗೆ ಅಲ್ಲಿ ಕೆಲಸವಾಯಿತು, ಅವಳೂ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಕಳೆದ ಚಳಿಗಾಲದಲ್ಲಿ ಜಟ್ಟಪ್ಪ ಆಗುಂಬೆ ಕಡೆಯ ಒಂದು ಗೃಹಪ್ರವೇಶ ಮುಗಿಸಿ ಬರುವಾಗ ತೀರ್ಥಹಳ್ಳಿಯಲ್ಲಿ ಇಳಿದು, ಆ ಕ್ಲಾಸಿನ ವಿಳಾಸ ಕೇಳಿಕೊಂಡು ಹೋದ. ಅವಳು ಅವನನ್ನು ಕಂಡು ಎದ್ದೇ ಬಂದಳು.

"ಜಟ್ಟಣ್ಣ! ಬನ್ನಿ ಬನ್ನಿ. ಶ್ಯಾಮಲಕ್ಕ ಚೆನ್ನಾಗಿದಾರಾ? ಬೈಯೋದು ಕಮ್ಮಿ ಆಯ್ತಾ, ಹಂಗೇ ಇದೆಯಾ?"

"ಈಗ ಬೈಸ್ಕಳರು ಯಾರೂ ಇಲ್ಲ ಮಾರಾಯ್ತಿ."

ನಕ್ಕಳು. ಕಾಫಿ ತರಿಸಿದಳು. "ಸ್ಕ್ರಿಪ್ಟು ಓಡ್ತಿದೆಯಾ?"

"ಓಡ್ತದೆ."

"ಪ್ರಶ್ನೆ ಕೇಳ್ತದಾ?"

ಆ ಮಾತಿನಲ್ಲಿ ಕೊಂಕಿತ್ತೋ ಇರಲಿಲ್ಲವೋ, ಅವಳ ಮುಖ ನೋಡಲು ಜಟ್ಟಪ್ಪನಿಗೆ ಧೈರ್ಯವಾಗಲಿಲ್ಲ. "ಕೇಳ್ತದೆ. ಉತ್ತರ ಕೊಡ್ತೀನಿ" ಎಂದ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೇಳಬೇಕಾದ್ದನ್ನು ಹೇಳಲು ಹೊರಟ. ಆ ಹೊತ್ತಿಗೆ ಒಳಗಿನಿಂದ ಮಕ್ಕಳು, "ಮಿಸ್, ಎರರ್ ಬರ್ತಿದೆ" ಎಂದು ಕೂಗಿದರು.

"ಬಂದೆ" ಎಂದು ಅವಳು ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು. "ಯೋಗರಾಜಣ್ಣ ಸಿಕ್ಕಿದ್ರಾ ಆಮೇಲೆ?"

"ಇಲ್ಲ" ಎಂದ ಜಟ್ಟಪ್ಪ.

"ಸಿಕ್ಕಿದ್ರೆ ಬಿಂದು ಗೋಡೆ ಮುಗೀತಾ ಅಂತ ಕೇಳಿ. ನಂಗೆ ಆ ಮನೆಗೆ ಹೋಗಕ್ಕೆ ಇನ್ನೂ ಮುಖ ಇಲ್ಲ."

ಒಳಗೆ ಹೋದಳು. ಜಟ್ಟಪ್ಪ ಅರ್ಧ ಕಾಫಿ ಬಿಟ್ಟು ಎದ್ದ. ಹೊಸನಗರದ ಬಸ್ಸು ಹೊರಡಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಕಾದು ನಿಂತು, ಅವಳು ಹೊರಗೆ ಬಂದ ಮೇಲೆ ಹೇಳಬಹುದಿತ್ತು. ಅವನು ಬಸ್‌ಸ್ಟ್ಯಾಂಡಿಗೆ ಹೋಗಿ, ಖಾಲಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ. ಅವಳಿಗೆ ಒಂದು ಮಾತು, ಯೋಗರಾಜನಿಗೆ ಒಂದು ಮಾತು. ಎರಡೂ ಇವತ್ತಿಗೂ ಅವನ ಹತ್ತಿರವೇ ಇವೆ.